ಬಾಗಿಲು ಎಳೆಯುತ್ತಿದ್ದ ಕೈಗಳು: ಸ್ಟಾರ್ ಟ್ರೆಕ್‌ನ ಎರಡನೇ ಸೀಸನ್ ಮತ್ತು ಒಂದು ನೀಲಿ ಡಬ್ಬಿ

(ನಮ್ಮ ಬಡಾವಣೆಯ ಓದುಗರ ಕೂಟದಲ್ಲಿ ಆಡಿದ ಮಾತುಗಳಿವು. ನನ್ನ ತೊದಲು ಮತ್ತು ಪ್ರೊಜೆಕ್ಟರ್ ಕೈಕೊಟ್ಟ ಹತ್ತು ನಿಮಿಷ, ಇವೆರಡನ್ನು ಬಿಟ್ಟು ಉಳಿದದ್ದನ್ನು ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಸಣ್ಣ ಕಸರತ್ತು ಮಾಡೋಣ. ಬಲಗೈ ಎತ್ತಿ. ತೋರುಬೆರಳು, ನಡುಬೆರಳು ಅಂಟಿಕೊಂಡಿರಲಿ. ಉಂಗುರದ ಬೆರಳು, ಕಿರುಬೆರಳು ಅಂಟಿಕೊಂಡಿರಲಿ. ಎರಡು ಜೋಡಿಯ ಮಧ್ಯೆ ಸಂದು ಬಿಡಿ. ಹೆಬ್ಬೆರಳು ಪಕ್ಕಕ್ಕೆ. ಹಾಂ, ಮೂರನೇ ಸಾಲಿನ ಮೇಡಂಗೆ ಒಂದೇ ಏಟಿಗೆ ಬಂತು. ಮುಂದೆ ಕೂತಿರುವ ಹಿರಿಯರು ಎಡಗೈಯಿಂದ ಬಲಗೈ ಬೆರಳು ಜೋಡಿಸುತ್ತಿದ್ದಾರೆ. ತಪ್ಪೇನಿಲ್ಲ ಸಾರ್. 1967ರಲ್ಲಿ ಹಾಲಿವುಡ್ ಸ್ಟುಡಿಯೋ ಒಂದರಲ್ಲಿ ಹೆಸರಾಂತ ನಟಿಯೊಬ್ಬರೂ ಹಾಗೇ ಮಾಡಿದ್ದರು.

ಅವರು ಸೀಲಿಯಾ ಲವ್‌ಸ್ಕಿ. ಸ್ಟಾರ್ ಟ್ರೆಕ್ ಅಂದರೆ ಎಂಟರ್‌ಪ್ರೈಸ್ ಎಂಬ ಬಾಹ್ಯಾಕಾಶ ಹಡಗು ಗ್ರಹದಿಂದ ಗ್ರಹಕ್ಕೆ ಹೋಗುವ ಅಮೆರಿಕದ ಟಿವಿ ಧಾರಾವಾಹಿ. ಅದರಲ್ಲಿ ವಲ್ಕನ್ ಎಂಬ ಗ್ರಹದ ಹಿರಿಯಜ್ಜಿ ಟಿಪೌ ಪಾತ್ರ ಮಾಡಿದವರು. ಬೆರಳು ಆ ರೀತಿ ನಿಲ್ಲುತ್ತಲೇ ಇರಲಿಲ್ಲವಂತೆ. ಕ್ಯಾಮೆರಾಕ್ಕೆ ಕಾಣದ ಹಾಗೆ ಇನ್ನೊಂದು ಕೈಯಿಂದ ಬೆರಳು ಜೋಡಿಸಿಕೊಂಡು, ಆಮೇಲೆ ಕೈ ಎತ್ತಿದರಂತೆ. ಈ ಸನ್ನೆಯನ್ನು ಸೆಟ್‌ಗೆ ತಂದವರು ಆ ಹಡಗಿನ ವಲ್ಕನ್ ಅಧಿಕಾರಿ ಸ್ಪಾಕ್ ಪಾತ್ರದ ಲಿಯೊನಾರ್ಡ್ ನಿಮಾಯ್. ಬಾಸ್ಟನ್ ಊರಿನ ಯಹೂದಿ ಮನೆಯ ಹುಡುಗ. ಚಿಕ್ಕಂದಿನಲ್ಲಿ ಪ್ರಾರ್ಥನಾ ಮಂದಿರದಲ್ಲಿ ಪುರೋಹಿತರು ಆಶೀರ್ವಾದ ಮಾಡುವಾಗ ಯಾರೂ ನೋಡಬಾರದು, ಕಣ್ಣು ಮುಚ್ಚಿಕೋ ಎಂದು ಅಪ್ಪ ಹೇಳಿದ್ದರು. ಹುಡುಗ ಬಿಡುತ್ತಾನಾ? ಕದ್ದು ನೋಡಿದ. ಪುರೋಹಿತರ ಬೆರಳುಗಳು ಹೀಗೆ ಎರಡೆರಡಾಗಿ ಕೂಡಿದ್ದವು. ಹೀಬ್ರೂ ಲಿಪಿಯ 'ಶಿನ್' ಅಕ್ಷರದ ಆಕಾರ ಅದು. ಮೂವತ್ತು ವರ್ಷದ ಹತ್ತಿರ ಆದ ಮೇಲೆ, ವಲ್ಕನ್ ಜನ ಒಬ್ಬರಿಗೊಬ್ಬರು ನಮಸ್ಕಾರ ಹೇಗೆ ಮಾಡಬೇಕು ಎಂಬ ಪ್ರಶ್ನೆ ಬಂದಾಗ ಆ ಕದ್ದ ನೋಟ ಉಪಯೋಗಕ್ಕೆ ಬಂತು.

ಈ ದೃಶ್ಯ ಬರುವುದು 'ಅಮಾಕ್ ಟೈಮ್' ಎಂಬ ಕಂತಿನಲ್ಲಿ. ಸ್ಟಾರ್ ಟ್ರೆಕ್‌ನ ಎರಡನೇ ಸೀಸನ್ ಶುರುವಾಗಿದ್ದೇ ಅದರಿಂದ. 1967ರ ಸೆಪ್ಟೆಂಬರ್ 15, ಶುಕ್ರವಾರ ರಾತ್ರಿ, ಅಮೆರಿಕದ ಎನ್‌ಬಿಸಿ ಚಾನೆಲ್. ಸೀಸನ್ ಮುಗಿದದ್ದು 1968ರ ಮಾರ್ಚ್ 29ರಂದು. ಒಟ್ಟು 26 ಕಂತು. ಇವತ್ತು ನಾನು ಮಾತಾಡಲು ಬಂದಿರುವುದು ಆ 26 ಕಂತುಗಳ ಬಗ್ಗೆ, ಮತ್ತೆ ಅವು ಕೂತಿರುವ ಈ ನೀಲಿ ಪ್ಲಾಸ್ಟಿಕ್ ಡಬ್ಬಿಯ ಬಗ್ಗೆ. ಹಿಂದಿನ ಸಾಲಿಗೆ ಕಾಣಿಸುತ್ತಾ? ಹಾಗೇ ಕೈಯಿಂದ ಕೈಗೆ ಕಳಿಸುತ್ತೇನೆ, ನೋಡಿ. ಜೋಪಾನ, ಮುಚ್ಚಳದ ಒಂದು ಕಿವಿ ಆಗಲೇ ಮುರಿದಿದೆ.

ಇದು 2004ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಬಂದ ಡಿವಿಡಿ ಸೆಟ್. ಏಳು ಡಿಸ್ಕ್. ಅದೇ ವರ್ಷ ಮೂರೂ ಸೀಸನ್ ಬಂದವು. ಮೊದಲನೆಯದು ಹಳದಿ ಡಬ್ಬಿ, ಎರಡನೆಯದು ನೀಲಿ, ಮೂರನೆಯದು ಕೆಂಪು. ಹಡಗಿನ ಸಿಬ್ಬಂದಿಯ ಅಂಗಿಯ ಬಣ್ಣಗಳೇ ಅವು. ಇದಕ್ಕೂ ಮೊದಲು ಡಿಸ್ಕಿಗೆ ಎರಡೇ ಕಂತು ಹಾಕಿ, ಒಂದೊಂದಾಗಿ 40 ಡಿಸ್ಕ್ ಮಾರಿದ್ದರು. ಅಷ್ಟನ್ನೂ ಕೊಂಡವರಿಗೆ ಈ ಡಬ್ಬಿಗಳನ್ನು ನೋಡಿ ಎಷ್ಟು ಹೊಟ್ಟೆ ಉರಿದಿರಬೇಡ!

ನನಗೆ ಇದು ಸಿಕ್ಕಿದ್ದು ಅಮೆರಿಕದಿಂದ ರಜೆಗೆ ಬಂದ ಕಸಿನ್ ಒಬ್ಬನ ಸೂಟ್‌ಕೇಸಿನಲ್ಲಿ. ಚಾಕೊಲೇಟ್, ಶಾಂಪೂ, ಅದರ ಕೆಳಗೆ ನೀಲಿ ಡಬ್ಬಿ. ಅವತ್ತು ರಾತ್ರಿ ಊಟ ಮುಗಿಸಿ, ಮನೆಯವರನ್ನೆಲ್ಲ ಕೂರಿಸಿ, ಡಿಸ್ಕ್ ಹಾಕಿದೆ. ಪ್ಲೇಯರ್ ಅದನ್ನು ಒಂದು ಸಲ ತಿರುಗಿಸಿ, ಮೂಸಿ ನೋಡಿದ ಹಾಗೆ ಮಾಡಿ, ತಪ್ಪು ರೀಜನ್ ಎಂದು ಹೇಳಿ ಬಾಯಿ ಮುಚ್ಚಿಕೊಂಡಿತು. ಆ ಕಾಲದಲ್ಲಿ ಡಿವಿಡಿ ಕಂಪನಿಗಳು ಭೂಮಿಯನ್ನು ಹರಿದು ಹಂಚಿಕೊಂಡಿದ್ದವು. ಅಮೆರಿಕ 1ನೇ ರೀಜನ್. ಯುರೋಪ್, ಜಪಾನ್ 2. ನಾವು 5. ದೇಶಗಳೆಲ್ಲ ಒಂದಾಗಿ ಒಂದೇ ಹಡಗಿನಲ್ಲಿ ಹೋಗುವ ಕಥೆ ಇರುವ ಡಿಸ್ಕ್ ಬೆಂಗಳೂರಿನ ಪ್ಲೇಯರ್‌ನಲ್ಲಿ ಓಡುವುದಿಲ್ಲ! ಆಮೇಲೆ ಕಂಪ್ಯೂಟರ್‌ಗೆ ಹಾಕಿದೆ. ಕಂಪ್ಯೂಟರ್ ಡ್ರೈವ್ ಸ್ವಲ್ಪ ಉದಾರಿ. ರೀಜನ್ ಬದಲಾಯಿಸಲು ಬಿಡುತ್ತದೆ, ಆದರೆ ಐದೇ ಸಲ. ಐದನೇ ಸಲ ಯಾವುದು ಇಟ್ಟಿರೋ ಅದೇ ಖಾಯಂ. ನಾನು ಒಂದು ಹಿಂದಿ ಸಿನಿಮಾ, ಮತ್ತೆ ಸ್ಪಾಕ್, ಮತ್ತೊಂದು ಹಿಂದಿ ಸಿನಿಮಾ ಎನ್ನುತ್ತಾ ಒಂದು ತಿಂಗಳಲ್ಲಿ ಆ ಐದನ್ನೂ ಖರ್ಚು ಮಾಡಿದೆ. ಡ್ರೈವ್ ಅಮೆರಿಕದಲ್ಲೇ ನಿಂತುಬಿಟ್ಟಿತು.

ಇಷ್ಟು ಪಾಡು ಯಾಕೆ ಪಡಬೇಕಿತ್ತು ಎಂದು ಕೇಳಬಹುದು. ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಸ್ಟಾರ್ ಟ್ರೆಕ್ ಬರುತ್ತಿತ್ತು. ನಿಮ್ಮಲ್ಲಿ ಕೆಲವರಿಗೆ ನೆನಪಿರಬೇಕು. ಎಣ್ಣೆ ಸ್ನಾನ, ಉಪ್ಪಿಟ್ಟು, ಸ್ಪಾಕ್. ನಮ್ಮ ಮನೆಯಲ್ಲಿದ್ದದ್ದು ಕಪ್ಪು ಬಿಳುಪು ಟಿವಿ. ಇಂಗ್ಲಿಷ್ ಅರ್ಧ ತಿಳಿಯುತ್ತಿರಲಿಲ್ಲ. ಎಲ್ಲರ ಅಂಗಿಯೂ ಬೂದು. ಕೆಂಪು ಅಂಗಿ ಹಾಕಿದವನು ಗ್ರಹಕ್ಕಿಳಿದರೆ ಸತ್ತ ಅಂತಲೇ ಲೆಕ್ಕ ಎಂಬ ಹಳೇ ಜೋಕ್ ನನಗೆ ಅರ್ಥವಾಗಿದ್ದು ಡಿವಿಡಿ ಬಂದ ಮೇಲೆ. ಇನ್ನೊಂದು ವಿಷಯ. ಕ್ಯಾಪ್ಟನ್ ಕರ್ಕ್ ಹಾಕುತ್ತಿದ್ದ ಆ ಹಳದಿ ಅಂಗಿ ನಿಜವಾಗಿ ಹಸಿರಂತೆ! ಸ್ಟುಡಿಯೋ ದೀಪ, ಫಿಲ್ಮು ಸೇರಿ ಅದನ್ನು ಹೊಂಬಣ್ಣ ಮಾಡಿಬಿಟ್ಟವು. ಅಂದರೆ ಆ ಹಳದಿ ಡಬ್ಬಿಯ ಬಣ್ಣವೇ ಒಂದು ತಪ್ಪು ತಿಳಿವಳಿಕೆ.

ಈಗ ವಿಷಯಕ್ಕೆ ಬರುತ್ತೇನೆ.

ಈ ಧಾರಾವಾಹಿಗೆ ದುಡ್ಡು ಯಾವತ್ತೂ ಸಾಕಾಗಲಿಲ್ಲ. ಹೀಗೆಂದರೆ ಅದು ಬರೀ ಲೆಕ್ಕಪತ್ರದ ಮಾತಾಗುತ್ತದೆ. ಆದರೆ ಎರಡನೇ ಸೀಸನ್ನಿನ ಅರ್ಧ ಚೆಲುವು ಆ ಬಡತನದಿಂದಲೇ ಬಂದದ್ದು ಎಂದು ನನ್ನ ವಾದ. ಒಂದು ಉದಾಹರಣೆ ತಗೊಳ್ಳಿ. ಮನುಷ್ಯರು ಮಿನುಗಿ ಮಾಯವಾಗಿ ಇನ್ನೊಂದು ಕಡೆ ಮೂಡುತ್ತಾರಲ್ಲ, ಟ್ರಾನ್ಸ್‌ಪೋರ್ಟರ್ ಯಂತ್ರ? ವಾರಾ ವಾರಾ ಹಡಗು ಗ್ರಹಕ್ಕೆ ಇಳಿಯುವುದನ್ನು ತೋರಿಸಲು ದುಡ್ಡಿಲ್ಲದೆ ಹುಟ್ಟಿದ ಉಪಾಯ ಅದು. ಆ ಮಿನುಗು ಏನು ಗೊತ್ತಾ? ಬೆಳಕಿನ ಮುಂದೆ ಅಲ್ಯೂಮಿನಿಯಂ ಪುಡಿ ಉದುರಿಸಿ, ಕ್ಯಾಮೆರಾ ತಲೆಕೆಳಗು ಮಾಡಿ ತೆಗೆದದ್ದು.

ನಮಗೆ ಇದು ಹೊಸದೇನೂ ಅಲ್ಲ. ಯಕ್ಷಗಾನದಲ್ಲಿ ಅರ್ಜುನ ರಂಗದ ಮೇಲೆ ಒಂದು ಸುತ್ತು ಹಾಕಿದರೆ ಇಂದ್ರಲೋಕ ಬಂದಾಯಿತು. ಹೇಗೆ ಹೋದ, ಯಾವ ರಥ ಎಂದು ಯಾರೂ ಕೇಳುವುದಿಲ್ಲ. ಭಾಗವತರು ಹೇಳಿದರು, ನಾವು ನಂಬಿದೆವು. ವೇಷ ಬರುವಾಗ ಇಬ್ಬರು ತೆರೆ ಹಿಡಿದು ನಿಲ್ಲುತ್ತಾರಲ್ಲ, ಅವರ ಕೈ ನಮಗೆ ಕಾಣುತ್ತಲೇ ಇರುತ್ತದೆ. ಕಂಡರೂ ಕಾಣುವುದಿಲ್ಲ. ಎಂಟರ್‌ಪ್ರೈಸ್ ಹಡಗಿನ ಬಾಗಿಲುಗಳೂ ಹಾಗೇ. ಯಾರಾದರೂ ಹತ್ತಿರ ಬಂದ ಕೂಡಲೇ ಸುಯ್ ಎಂದು ತೆರೆದುಕೊಳ್ಳುತ್ತವೆ. 23ನೇ ಶತಮಾನದ ತಂತ್ರಜ್ಞಾನ! ಹಿಂದುಗಡೆ ಸ್ಟುಡಿಯೋ ಕೆಲಸಗಾರರು ಹಗ್ಗ ಹಿಡಿದು ಎಳೆಯುತ್ತಿದ್ದರು. ಸದ್ದು ಆಮೇಲೆ ಸೇರಿಸಿದ್ದು. ಎಳೆಯುವವರು ಅರೆಕ್ಷಣ ತಡ ಮಾಡಿದರೆ ನಟರ ಮೂಗು ಬಾಗಿಲಿಗೆ. ಡಿವಿಡಿಯಲ್ಲಿ ನಿಧಾನಕ್ಕೆ ಓಡಿಸಿ ನೋಡಿ. ಎಡಗಡೆ ಬಾಗಿಲು, ಬಲಗಡೆ ಬಾಗಿಲು ಒಂದೇ ವೇಗದಲ್ಲಿ ಹೋಗದ ಜಾಗಗಳು ಸಿಗುತ್ತವೆ. ಅಲ್ಲಿ ಇಬ್ಬರು ಮನುಷ್ಯರಿದ್ದಾರೆ ಎಂದು ನನಗೆ ಅನ್ನಿಸುತ್ತದೆ. ಒಬ್ಬನಿಗೆ ಬಹುಶಃ ಟೀ ಹೊತ್ತಾಗಿತ್ತು.

'ದಿ ಡೂಮ್ಸ್‌ಡೇ ಮಷೀನ್' ಕಂತು ನೋಡಿ. ಗ್ರಹಗಳನ್ನೇ ನುಂಗುವ ಒಂದು ಯಂತ್ರ ಬರುತ್ತದೆ. ಮೈಲಿಗಟ್ಟಲೆ ಉದ್ದ. ಬರೆದವರು ನಾರ್ಮನ್ ಸ್ಪಿನ್ರಾಡ್. ಯಂತ್ರದ ಮೈತುಂಬ ಆಯುಧಗಳು ಇರುತ್ತವೆ ಎಂದು ಅವರು ಅಂದುಕೊಂಡಿದ್ದರು. ತೆರೆಯ ಮೇಲೆ ಬಂದದ್ದನ್ನು ಅವರೇ ಬಣ್ಣಿಸಿದ್ದು, ಸಿಮೆಂಟಿನಲ್ಲಿ ಅದ್ದಿ ತೆಗೆದ ಗಾಳಿಚೀಲದ (ವಿಮಾನ ನಿಲ್ದಾಣದಲ್ಲಿ ಗಾಳಿಯ ದಿಕ್ಕು ತೋರಿಸಲು ಕಟ್ಟಿರುತ್ತಾರಲ್ಲ, ಅದರ) ಹಾಗಿದೆ ಎಂದು. ಅದರ ಬಾಯಿಗೆ ಸಿಕ್ಕಿ ಮುರಿದುಬಿದ್ದ ಇನ್ನೊಂದು ಹಡಗು ಇದೆ, ಕಾನ್‌ಸ್ಟೆಲೇಷನ್. ಅದು ಅಂಗಡಿಯಲ್ಲಿ ಮಕ್ಕಳಿಗೆ ಮಾರುತ್ತಿದ್ದ ಪ್ಲಾಸ್ಟಿಕ್ ಕಿಟ್! ಎಂಟರ್‌ಪ್ರೈಸ್‌ನ ನಂಬರು 1701. ಕಿಟ್ಟಿನಲ್ಲಿ ಇದ್ದದ್ದೂ ಅದೇ ಅಂಕಿಗಳ ಸ್ಟಿಕ್ಕರ್. ಅದನ್ನೇ ಕತ್ತರಿಸಿ ಹಿಂದೆ ಮುಂದೆ ಮಾಡಿ 1017 ಎಂದು ಅಂಟಿಸಿದರು. ಆಮೇಲೆ ಸ್ವಲ್ಪ ಸುಟ್ಟರು. ಆಯಿತು, ಯುದ್ಧದಲ್ಲಿ ಜಖಂ ಆದ ಹಡಗು.

ಹೀಗಿದ್ದೂ ಆ ಕಂತು ಕೈಹಿಡಿದು ಕೂರಿಸುತ್ತದೆ. ಯಾಕೆಂದರೆ ಮುರಿದ ಹಡಗಿನ ಕ್ಯಾಪ್ಟನ್ ಡೆಕರ್ ಆಗಿ ವಿಲಿಯಂ ವಿಂಡಂ ಇದ್ದಾರೆ. ಸಿಬ್ಬಂದಿಯನ್ನೆಲ್ಲ ಉಳಿಸಲು ಕೆಳಗಿನ ಗ್ರಹಕ್ಕೆ ಕಳಿಸಿದ ಮನುಷ್ಯ ಅವನು. ಯಂತ್ರ ಆ ಗ್ರಹವನ್ನೇ ತಿಂದು ಹಾಕಿತು. ಆ ಗ್ರಹ ಈಗ ಇಲ್ಲವಲ್ಲ ಎಂದಾಗ ಅವನ ಮುಖ ನೋಡಿ. ಅಲ್ಲಿ ಸಿಮೆಂಟು, ಪ್ಲಾಸ್ಟಿಕ್ಕು ಯಾವುದೂ ನೆನಪಿಗೆ ಬರುವುದಿಲ್ಲ.

ದುಡ್ಡಿಲ್ಲದ್ದು ಎಲ್ಲ ಕಡೆ ಒಳ್ಳೆಯದನ್ನೇ ಮಾಡಲಿಲ್ಲ, ಅದನ್ನೂ ಹೇಳಬೇಕು. ನಮ್ಮ ಕಂಪನಿ ನಾಟಕಗಳಲ್ಲಿ ಅದೇ ಅರಮನೆ ಪರದೆ ಹಸ್ತಿನಾವತಿಯೂ ಆಗುತ್ತಿತ್ತು, ಲಂಕೆಯೂ ಆಗುತ್ತಿತ್ತು. ಇಲ್ಲೂ ಹಾಗೇ. ಸ್ಟುಡಿಯೋದಲ್ಲಿ ರೋಮನ್ ಬಟ್ಟೆ ಇದೆಯಾ? ಹಾಗಾದರೆ ರೋಮ್ ತರಹದ ಒಂದು ಗ್ರಹ. ಶಿಕಾಗೋ ಗ್ಯಾಂಗ್‌ಸ್ಟರ್‌ಗಳ ಸೂಟು, ಟೋಪಿ ಇದೆಯಾ? ಅಂಥದ್ದೊಂದು ಗ್ರಹ. ನಾಜಿ ಸಮವಸ್ತ್ರಕ್ಕೂ ಒಂದು. ಗ್ಯಾಂಗ್‌ಸ್ಟರ್ ಕಂತು ಮಜವಾಗಿದೆ, ಬೇಡ ಎನ್ನುವುದಿಲ್ಲ. ಆದರೆ 'ದಿ ಒಮೆಗಾ ಗ್ಲೋರಿ'ಯಲ್ಲಿ ಕರ್ಕ್ ಇನ್ಯಾವುದೋ ಗ್ರಹದಲ್ಲಿ ಅಮೆರಿಕದ ಸಂವಿಧಾನ ಓದಿ ಹೇಳಲು ನಿಂತಾಗ ನಾನು ಎದ್ದು ನೀರು ಕುಡಿಯಲು ಹೋಗುತ್ತೇನೆ. ಬರೆದದ್ದು ಧಾರಾವಾಹಿಯನ್ನು ಹುಟ್ಟುಹಾಕಿದ ಜೀನ್ ರಾಡೆನ್‌ಬರಿ ಅವರೇ. ದೊಡ್ಡವರ ತಪ್ಪುಗಳೂ ದೊಡ್ಡವೇ ಇರುತ್ತವೆ.

ಟ್ರಿಬಲ್‌ಗಳ ವಿಷಯ ಹೇಳದೆ ನನ್ನನ್ನು ಇಲ್ಲಿಂದ ಇಳಿಯಲು ಬಿಡುವುದಿಲ್ಲ ಎಂದು ಗೊತ್ತಿದೆ.

'ದಿ ಟ್ರಬಲ್ ವಿತ್ ಟ್ರಿಬಲ್ಸ್' ಪ್ರಸಾರವಾದದ್ದು 1967ರ ಡಿಸೆಂಬರ್ 29ರಂದು. ಬರೆದ ಡೇವಿಡ್ ಜೆರಾಲ್ಡ್‌ಗೆ ಆಗ 23 ವರ್ಷ. ಟ್ರಿಬಲ್ ಅಂದರೆ ಕಾಲಿಲ್ಲದ, ಮೂತಿಯಿಲ್ಲದ, ಸುಮ್ನೆ ಗುರುಗುಟ್ಟುವ ತುಪ್ಪಳದ ಉಂಡೆ. ಎತ್ತಿಕೊಂಡರೆ ಬಿಡಲು ಮನಸ್ಸು ಬಾರದು. ತಿನ್ನುವುದು, ಮರಿ ಹಾಕುವುದು, ಎರಡೇ ಕೆಲಸ. ಹಡಗಿಗೆ ಮೊದಲ ಟ್ರಿಬಲ್ ತರುವವಳು ಅಲ್ಲಿನ ಅಧಿಕಾರಿ ಉಹುರಾ. ಮೂರು ದಿನದಲ್ಲಿ ಧಾನ್ಯದ ಕಣಜ ಪೂರ್ತಿ ಟ್ರಿಬಲ್. ಸ್ಪಾಕ್ ನಿಂತಲ್ಲೇ ಲೆಕ್ಕ ಹೇಳುತ್ತಾನೆ: 17,71,561. ಇದು ಬಾಯಿಗೆ ಬಂದ ಸಂಖ್ಯೆಯಲ್ಲ. ಒಂದು ಟ್ರಿಬಲ್, 12 ಗಂಟೆಗೊಮ್ಮೆ ಹತ್ತು ಮರಿ, ಮೂರು ದಿನಕ್ಕೆ ಆರು ಸರದಿ. ಪ್ರತಿ ಸಲವೂ ಇದ್ದದ್ದು ಹನ್ನೊಂದರಷ್ಟಾಗುತ್ತದೆ. ಹನ್ನೊಂದನ್ನು ಆರು ಸಲ ಗುಣಿಸಿ ನೋಡಿ. ಮನೆಗೆ ಹೋಗಿ ಮಕ್ಕಳಿಗೆ ಕೊಡಿ ಈ ಲೆಕ್ಕ.

ನಿಜವಾಗಿ ಹೊಲಿದದ್ದು ಸುಮಾರು 500 ಟ್ರಿಬಲ್. ಕರ್ಕ್ ಕಣಜದ ಬಾಗಿಲು ತೆಗೆದಾಗ ಅವನ ಮೇಲೆ ಟ್ರಿಬಲ್ ಮಳೆ ಸುರಿಯುತ್ತದಲ್ಲ? ಮೇಲುಗಡೆ ಕೂತು ಎಸೆಯುತ್ತಿದ್ದವರಿಗೆ ಕೆಳಗೆ ಏನಾಗುತ್ತಿದೆ ಎಂದು ಕಾಣುತ್ತಿರಲಿಲ್ಲ. ಸಾಕಾಯಿತೋ ಇಲ್ಲವೋ ಗೊತ್ತಾಗದೆ ಎಸೆಯುತ್ತಲೇ ಇದ್ದರು. ಹಾಗಾಗಿ ಕರ್ಕ್ ಗಂಭೀರವಾಗಿ ಮಾತಾಡುತ್ತಿರುವಾಗ ಒಂದೊಂದೇ ಟ್ರಿಬಲ್ ಬಂದು ತಲೆಗೆ ಬೀಳುತ್ತಲೇ ಇರುತ್ತದೆ. ಇಡೀ ಸೀಸನ್ನಿನಲ್ಲಿ ಇದಕ್ಕಿಂತ ಒಳ್ಳೆಯ ಹಾಸ್ಯ ಇಲ್ಲ. ಅದನ್ನು ಯಾರೂ ಬರೆದಿರಲಿಲ್ಲ.

ಇದೇ ಕಂತಿನಲ್ಲಿ ಚೆಕಾಫ್ ಎಂಬ ರಷ್ಯನ್ ಹುಡುಗ, ಸ್ಕಾಚ್ ವಿಸ್ಕಿ ಕಂಡುಹಿಡಿದದ್ದು ಲೆನಿನ್‌ಗ್ರಾಡ್‌ನ ಒಬ್ಬ ಅಜ್ಜಿ ಎಂದು ಬಡಾಯಿ ಕೊಚ್ಚುತ್ತಾನೆ. ಚೆಕಾಫ್ ಬಂದದ್ದೇ ಎರಡನೇ ಸೀಸನ್ನಿನಲ್ಲಿ. ಶೀತಲ ಸಮರದ ನಟ್ಟನಡುವೆ ಅಮೆರಿಕದ ಟಿವಿಯಲ್ಲಿ ರಷ್ಯನ್ ಅಧಿಕಾರಿ, ಅದೂ ನಮ್ಮವನು ಎಂಬಂತೆ! ಪಾತ್ರ ಮಾಡಿದ ವಾಲ್ಟರ್ ಕೋನಿಗ್‌ಗೆ ಕೂದಲು ಇನ್ನೂ ಉದ್ದ ಬಂದಿರಲಿಲ್ಲ. ಮೊದಲ ಕೆಲವು ಕಂತುಗಳಲ್ಲಿ ವಿಗ್. ಇಲ್ಲೊಂದು ತಮಾಷೆ ಇದೆ. ಡಿವಿಡಿಯಲ್ಲಿ ಕಂತುಗಳು ಪ್ರಸಾರವಾದ ಕ್ರಮದಲ್ಲಿವೆ, ತೆಗೆದ ಕ್ರಮದಲ್ಲಿ ಅಲ್ಲ. ಮೊದಲು ಚಿತ್ರೀಕರಿಸಿದ 'ಕ್ಯಾಟ್ಸ್‌ಪಾ' ಎಂಬ ದೆವ್ವದ ಕಥೆಯನ್ನು ಹ್ಯಾಲೋವೀನ್‌ಗೆ ಅಂತ ಅಕ್ಟೋಬರ್ ಕೊನೆಗೆ ಎತ್ತಿಟ್ಟರು. ಅದು ಡಬ್ಬಿಯಲ್ಲಿ ಏಳನೆಯದು. ಹಾಗಾಗಿ ಚೆಕಾಫ್‌ನ ಕೂದಲನ್ನೇ ನೋಡುತ್ತಾ ಹೋದರೆ ಅದು ಬೆಳೆದು, ವಿಗ್ಗಾಗಿ, ಮತ್ತೆ ಬೆಳೆಯುತ್ತದೆ.

ಉಹುರಾ ಬಗ್ಗೆ ಒಂದು ಮಾತು ಹೇಳಲೇಬೇಕು. ಮೊದಲ ಸೀಸನ್ ಮುಗಿದಾಗ ಆ ಪಾತ್ರದ ನಟಿ ನಿಶೆಲ್ ನಿಕೋಲ್ಸ್ ಧಾರಾವಾಹಿ ಬಿಡಲು ಹೊರಟಿದ್ದರು. ಆಗ ಒಂದು ಸಮಾರಂಭದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಸಿಕ್ಕಿ, ಬಿಡಬೇಡಿ, ಕರಿಯ ಹೆಣ್ಣುಮಗಳೊಬ್ಬಳು ಅಧಿಕಾರಿಯಾಗಿ ಸಮನಾಗಿ ನಿಂತಿರುವುದನ್ನು ಜನ ನೋಡಬೇಕು ಎಂದರಂತೆ. ನಿಕೋಲ್ಸ್ ಇದನ್ನು ಜೀವನಪೂರ್ತಿ ಹೇಳಿಕೊಂಡು ಬಂದರು. ಹತ್ತು ವರ್ಷದ ನಂತರ, 1977ರಲ್ಲಿ, ನಾಸಾ ಅವರನ್ನೇ ಕರೆದು ಹೆಣ್ಣುಮಕ್ಕಳು, ಕರಿಯರು ಗಗನಯಾತ್ರಿಗಳಾಗಲು ಅರ್ಜಿ ಹಾಕುವಂತೆ ದೇಶದ ತುಂಬ ಪ್ರಚಾರ ಮಾಡಿಸಿತು. 1978ರಲ್ಲಿ ಆಯ್ಕೆಯಾದ 35 ಜನರಲ್ಲಿ ಆರು ಹೆಂಗಸರು, ಮೂವರು ಕರಿಯರು. ಬಾಹ್ಯಾಕಾಶಕ್ಕೆ ಹೋದ ಮೊದಲ ಅಮೆರಿಕನ್ ಮಹಿಳೆ ಸ್ಯಾಲಿ ರೈಡ್ ಆ ಗುಂಪಿನವರು.

ಇನ್ನೊಂದು ಕಂತು, 'ದಿ ಅಲ್ಟಿಮೇಟ್ ಕಂಪ್ಯೂಟರ್', 1968ರ ಮಾರ್ಚ್ 8. ಇದನ್ನು ಈಗ ನೋಡಿದರೆ ಬೆನ್ನು ಚುರುಕ್ ಎನ್ನುತ್ತದೆ. ಎಂ-5 ಎಂಬ ಕಂಪ್ಯೂಟರ್ ತಂದು ಹಡಗಿಗೆ ಕೂರಿಸುತ್ತಾರೆ. ಇನ್ನು ಮುಂದೆ ನಾನೂರು ಜನ ಬೇಡ, ಇಪ್ಪತ್ತು ಜನ ಸಾಕು. ಗ್ರಹಕ್ಕೆ ಯಾರ್ಯಾರು ಇಳಿಯಬೇಕು ಎಂದು ಪಟ್ಟಿ ಕೇಳಿದರೆ ಎಂ-5 ಕೊಡುವ ಪಟ್ಟಿಯಲ್ಲಿ ಕ್ಯಾಪ್ಟನ್ ಹೆಸರೇ ಇಲ್ಲ! ಇನ್ನೊಂದು ಹಡಗಿನವನು ಕರ್ಕ್‌ನನ್ನು 'ಕ್ಯಾಪ್ಟನ್ ಡನ್ಸೆಲ್' ಎಂದು ಕರೆಯುತ್ತಾನೆ. ಯಾವ ಉಪಯೋಗಕ್ಕೂ ಬಾರದ ಬಿಡಿಭಾಗ ಎಂದು ಅದರ ಅರ್ಥ. ಐಟಿಯಲ್ಲಿರುವವರು ಇಲ್ಲಿ ಎಷ್ಟು ಜನ ಇದ್ದೀರಿ? ನಗಬೇಡಿ, ಆ ಮುಖ ನಮ್ಮ ಆಫೀಸಿನಲ್ಲೂ ನೋಡಿದ್ದೇನೆ.

ಎಂ-5 ಮಾಡಿದವನು ಡಾ. ಡೇಸ್ಟ್ರಾಮ್. ಪಾತ್ರ ಮಾಡಿದವರು ವಿಲಿಯಂ ಮಾರ್ಷಲ್, ಕರಿಯ ನಟ. 1968ರಲ್ಲಿ ಒಬ್ಬ ಕರಿಯ ಮನುಷ್ಯ ಆ ಕಾಲದ ಮಹಾ ಬುದ್ಧಿವಂತ ಎಂದು ತೋರಿಸುತ್ತಾರೆ, ಅದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ, ವಿವರಣೆಯನ್ನೂ ಕೊಡುವುದಿಲ್ಲ. ಡೇಸ್ಟ್ರಾಮ್ ತನ್ನ ಮನಸ್ಸಿನ ಅಚ್ಚನ್ನೇ ಯಂತ್ರಕ್ಕೆ ಒತ್ತಿದ್ದಾನೆ. ಅಣಕು ಯುದ್ಧದಲ್ಲಿ ಯಂತ್ರ ನಿಜವಾದ ಗುಂಡು ಹಾರಿಸುತ್ತದೆ. ಒಂದು ಹಡಗಿನವರೆಲ್ಲ ಸಾಯುತ್ತಾರೆ. ಯಾಕೆಂದರೆ ಯಂತ್ರದೊಳಗೆ ಇಳಿದದ್ದು ಅವನ ಬುದ್ಧಿಯ ಜೊತೆಗೆ ಅವನ ಭಯವೂ ಹೌದು. ಚಿಕ್ಕ ವಯಸ್ಸಿನಲ್ಲೇ ಹೆಸರು ಮಾಡಿ, ಆಮೇಲೆ ಇಪ್ಪತ್ತೈದು ವರ್ಷ ಬೆನ್ನ ಹಿಂದೆ ನಗುವವರನ್ನು ಸಹಿಸಿಕೊಂಡವನ ಭಯ. ಯಂತ್ರಕ್ಕೆ ನಾವು ಏನನ್ನು ಕಲಿಸುತ್ತಿದ್ದೇವೆ ಎಂಬುದಕ್ಕಿಂತ, ನಮಗೆ ಗೊತ್ತಿಲ್ಲದೆ ಏನು ಕಲಿಸುತ್ತಿದ್ದೇವೆ ಎಂದು ಈ ಕಂತು ಕೇಳುತ್ತದೆ. ಪ್ಲೈವುಡ್ ಪೆಟ್ಟಿಗೆಗೆ ಬಲ್ಬು ಹಾಕಿದ ಯಂತ್ರ ಅದು. ಪ್ರಶ್ನೆ ಮಾತ್ರ ಹಳೆಯದಾಗಿಲ್ಲ.

ಇಷ್ಟೆಲ್ಲ ಇದ್ದರೂ ನೋಡುವವರ ಸಂಖ್ಯೆ ಎನ್‌ಬಿಸಿಗೆ ಸಾಲದಾಯಿತು. ಎರಡನೇ ಸೀಸನ್‌ಗೇ ಧಾರಾವಾಹಿ ನಿಲ್ಲುತ್ತದೆ ಎಂಬ ಸುದ್ದಿ ಹಬ್ಬಿತು. ಆಗ ಬೀಜೋ ಟ್ರಿಂಬಲ್ ಮತ್ತು ಅವರ ಗಂಡ ಜಾನ್ ಟ್ರಿಂಬಲ್ ಎಂಬ ಇಬ್ಬರು ಅಭಿಮಾನಿಗಳು ಕಾಗದ ಬರೆಯುವ ಚಳವಳಿ ಶುರು ಮಾಡಿದರು. ಇಂಟರ್ನೆಟ್ ಇಲ್ಲ, ಫಾರ್ವರ್ಡ್ ಇಲ್ಲ. ಸೈಕ್ಲೋಸ್ಟೈಲ್ ಮಾಡಿದ ಹಾಳೆಯಲ್ಲಿ ಸೂಚನೆ. ನೀವು ಬರೆಯಿರಿ. ಹತ್ತು ಜನರಿಗೆ ಬರೆಯಲು ಹೇಳಿ. ಆ ಹತ್ತೂ ಜನ ಮತ್ತೆ ಹತ್ತತ್ತು ಜನರಿಗೆ ಹೇಳಲಿ. ಒಂದೇ ಒಕ್ಕಣೆಯ ಕಾಗದ ಬೇಡ, ಅವರವರ ಮಾತಿನಲ್ಲೇ ಬರೆಯಬೇಕು. ಟ್ರಿಬಲ್ ಲೆಕ್ಕ ನೆನಪಾಯಿತಾ? ಒಂದಕ್ಕೆ ಹತ್ತು! ಟ್ರಿಬಲ್ ಕಂತು ಪ್ರಸಾರವಾದದ್ದೂ ಸರಿಯಾಗಿ ಆ ಚಳಿಗಾಲದಲ್ಲೇ.

ಎನ್‌ಬಿಸಿಗೆ ಬಂದ ಕಾಗದ ಒಂದು ಲಕ್ಷಕ್ಕೂ ಜಾಸ್ತಿ. ಜನವರಿಯಲ್ಲಿ ಕ್ಯಾಲ್ಟೆಕ್ ಎಂಬ ತಾಂತ್ರಿಕ ವಿದ್ಯಾಲಯದ ವಿದ್ಯಾರ್ಥಿಗಳು ಎನ್‌ಬಿಸಿಯ ಬರ್ಬ್ಯಾಂಕ್ ಸ್ಟುಡಿಯೋ ಮುಂದೆ ಮೆರವಣಿಗೆ ಮಾಡಿದರು. ಕೊನೆಗೆ ಮಾರ್ಚ್ 1ರ ರಾತ್ರಿ ಕಂತು ಮುಗಿದ ಮೇಲೆ ಚಾನೆಲ್‌ನವರೇ ಹೇಳಬೇಕಾಯಿತು: ಸ್ಟಾರ್ ಟ್ರೆಕ್ ಮುಂದುವರಿಯುತ್ತದೆ, ದಯವಿಟ್ಟು ಇನ್ನು ಕಾಗದ ಬರೆಯಬೇಡಿ. ಜನ ಕೇಳಲಿಲ್ಲ. ಥ್ಯಾಂಕ್ಸ್ ಹೇಳಿ ಮತ್ತೆ ಕಾಗದ ಬರೆದರು. ಅವತ್ತು ಪ್ರಸಾರವಾಗಿದ್ದ ಕಂತು ಯಾವುದು ಗೊತ್ತಾ? ನಾನು ನೀರು ಕುಡಿಯಲು ಎದ್ದು ಹೋಗುತ್ತೇನೆ ಎಂದೆನಲ್ಲ, ಅದೇ. ಅದನ್ನು ನೋಡಿದ ಮೇಲೂ ಥ್ಯಾಂಕ್ಸ್ ಬರೆದರು ಎಂದರೆ ಪ್ರೀತಿ ಎಷ್ಟಿರಬೇಡ.

ಮೂರನೇ ಸೀಸನ್ ಬಂತು. ಶುಕ್ರವಾರ ರಾತ್ರಿ ಹತ್ತಕ್ಕೆ ಹಾಕಿದರು. ಅಭಿಮಾನಿಗಳಾದ ಯುವಕರು ಆ ಹೊತ್ತಿಗೆ ಮನೆಯಲ್ಲಿ ಎಲ್ಲಿರುತ್ತಾರೆ? ದುಡ್ಡನ್ನೂ ಕಡಿಮೆ ಮಾಡಿದರು. ಕಂತುಗಳೂ ಸೊರಗಿದವು. 1969ರ ಜೂನ್ 3ರಂದು ಕೊನೆಯದು ಪ್ರಸಾರವಾಯಿತು. ಏಳು ವಾರ ಕಳೆಯುವಷ್ಟರಲ್ಲಿ ಮನುಷ್ಯ ನಿಜವಾಗಿ ಚಂದ್ರನ ಮೇಲೆ ಕಾಲಿಟ್ಟ. ಹಾಗಾದರೆ ಕಾಗದ ಬರೆದವರು ಗೆದ್ದದ್ದು ಏನು? ನನ್ನ ಲೆಕ್ಕ ಹೀಗಿದೆ. ಎರಡು ಸೀಸನ್ ಸೇರಿ 55 ಕಂತು. ಮೂರನೆಯದು ಸೇರಿದರೆ 79. ಊರೂರಿನ ಸಣ್ಣ ಸ್ಟೇಷನ್‌ಗಳು ಹಳೆ ಧಾರಾವಾಹಿಗಳನ್ನು ವಾರಕ್ಕೆ ಐದು ದಿನದಂತೆ ಮರುಪ್ರಸಾರ ಮಾಡುತ್ತಿದ್ದವು. 55 ಹನ್ನೊಂದು ವಾರಕ್ಕೆ ಮುಗಿದುಹೋಗುತ್ತದೆ. 79 ಹೆಚ್ಚುಕಡಿಮೆ ಹದಿನಾರು ವಾರ ಎಳೆಯುತ್ತದೆ. ಆ ಸೊರಗಿದ 24 ಕಂತುಗಳಿಂದಲೇ ಮರುಪ್ರಸಾರ ಗಟ್ಟಿಯಾಯಿತು. ಎಪ್ಪತ್ತರ ದಶಕದಲ್ಲಿ ಅದೇ ಧಾರಾವಾಹಿಯನ್ನು ಬದುಕಿಸಿತು.

ಎರಡನೇ ಸೀಸನ್ನಿನ ಕೊನೆಯ ಕಂತು 'ಅಸೈನ್‌ಮೆಂಟ್: ಅರ್ಥ್'. ಹಡಗು ಕಾಲದಲ್ಲಿ ಹಿಂದಕ್ಕೆ ಬರುತ್ತದೆ, 1968ಕ್ಕೇ. ನಾಸಾ ಕೊಟ್ಟ ನಿಜವಾದ ಸ್ಯಾಟರ್ನ್-5 ರಾಕೆಟ್ಟಿನ ದೃಶ್ಯಗಳಿವೆ. ಅದರಲ್ಲಿ ಸ್ಪಾಕ್ ಆ ದಿನದ ಭೂಮಿಯ ಸಂಕಟಗಳನ್ನು ಓದಿ ಹೇಳುವಾಗ, ಇವತ್ತು ಒಬ್ಬ ಮುಖ್ಯ ವ್ಯಕ್ತಿಯ ಹತ್ಯೆ ಆಗಲಿದೆ ಎನ್ನುತ್ತಾನೆ. ಪ್ರಸಾರವಾದದ್ದು ಮಾರ್ಚ್ 29. ಆರು ದಿನ ಬಿಟ್ಟು, ಏಪ್ರಿಲ್ 4ರಂದು, ಬೆಳಿಗ್ಗೆ ಅಪೊಲೊ 6 ಹೊತ್ತ ಸ್ಯಾಟರ್ನ್-5 ಹಾರಿತು. ಸಂಜೆ ಮೆಂಫಿಸ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್‌ರನ್ನು ಗುಂಡಿಟ್ಟು ಕೊಂದರು. ಕಾಕತಾಳೀಯ, ಅಷ್ಟೇ. ಆದರೂ ಡಿಸ್ಕಿನಲ್ಲಿ ಆ ಮಾತು ಬಂದಾಗಲೆಲ್ಲ ನನ್ನ ಕೈ ರಿಮೋಟಿನ ಮೇಲೆ ಹೋಗುತ್ತದೆ.

ಈಗ ಜಗಳದ ವಿಷಯ. 2006ರಿಂದ ಈ ಧಾರಾವಾಹಿಯನ್ನು ತೊಳೆದು ಒರೆಸಿ ಹೊಸದು ಮಾಡಿದರು. 35 ಎಂಎಂ ಫಿಲ್ಮಿನಲ್ಲಿ ತೆಗೆದದ್ದರಿಂದ ಅದು ಸಾಧ್ಯವಾಯಿತು. ಆ ಕಾಲದ ಟಿವಿ ತೋರಿಸಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ವಿವರ ಫಿಲ್ಮಿನಲ್ಲಿ ಮೊದಲಿನಿಂದಲೂ ಇತ್ತು. ಇಲ್ಲಿಯವರೆಗೆ ಸರಿ. ಜೊತೆಗೆ ಹಡಗು, ಗ್ರಹಗಳ ಹಳೆಯ ದೃಶ್ಯಗಳನ್ನೂ ತೆಗೆದು ಕಂಪ್ಯೂಟರ್‌ನಲ್ಲಿ ಮಾಡಿದ್ದನ್ನು ಕೂರಿಸಿದರು. ಆ ರೂಪದ ಎರಡನೇ ಸೀಸನ್ 2008ರ ಆಗಸ್ಟ್‌ನಲ್ಲಿ ಡಿವಿಡಿಯಾಗಿ ಬಂತು. ಅದರಲ್ಲಿ ಸಿಮೆಂಟಿನ ಗಾಳಿಚೀಲ ಇಲ್ಲ. ಸುಟ್ಟ ಪ್ಲಾಸ್ಟಿಕ್ ಕಿಟ್ ಇಲ್ಲ. ಹಳೆಯದೂ ಇರಲಿ, ಬೇಕಾದವರು ಆರಿಸಿಕೊಳ್ಳಲಿ ಎಂಬ ಅನುಕೂಲ ಬಂದದ್ದು 2009ರ ಬ್ಲೂ-ರೇಯಲ್ಲಿ.

ಹೊಸ ದೃಶ್ಯಗಳು ಚೆನ್ನಾಗಿಲ್ಲ ಅಂತಲ್ಲ. ಡೂಮ್ಸ್‌ಡೇ ಯಂತ್ರ ಈಗ ನಿಜಕ್ಕೂ ಭಯ ಹುಟ್ಟಿಸುತ್ತದೆ. ಆದರೆ ಅದರ ಮುಂದೆ ನಿಂತ ಡೆಕರ್ 1967ರವನೇ. ಅವನ ಕುರ್ಚಿ ಪ್ಲೈವುಡ್, ಅವನ ಬೆವರು ಸ್ಟುಡಿಯೋ ದೀಪದ್ದು. ಎರಡೂ ಒಂದಕ್ಕೊಂದು ಮಾತಾಡುವುದಿಲ್ಲ. ತೆರೆ ಹಿಡಿದವರನ್ನು ಓಡಿಸಿ ಮೋಟಾರಿನ ಪರದೆ ಹಾಕಿದ ಯಕ್ಷಗಾನದ ಹಾಗೆ ನನಗೆ ಕಾಣುತ್ತದೆ. ಇದಕ್ಕೆ ನನ್ನ ಮಗಳು ಒಪ್ಪುವುದಿಲ್ಲ. ಅಪ್ಪಾ, ನಿಂಗೆ ಹಳೇದೆಲ್ಲಾ ಒಳ್ಳೇದೇ ಎನ್ನುತ್ತಾಳೆ. ಅವಳಿಗೆ ಬಾಗಿಲು ಎಳೆಯುವವರ ವಿಷಯ ಹೇಳಿದಾಗಿನಿಂದ ಮಾತ್ರ ಕಥೆ ಬಿಟ್ಟು ಬಾಗಿಲನ್ನೇ ನೋಡುತ್ತಾಳೆ.

'ಅಮಾಕ್ ಟೈಮ್' ಕೊನೆಯಲ್ಲಿ ಸ್ಪಾಕ್ ತನ್ನ ಕೈತಪ್ಪಿದ ಹೆಣ್ಣನ್ನು ಪಡೆದವನಿಗೆ ಒಂದು ಮಾತು ಹೇಳುತ್ತಾನೆ. ಅದರ ಸಾರ ಇಷ್ಟು: ಬೇಕು ಬೇಕು ಎನ್ನುವಾಗ ಇದ್ದ ಸುಖ ಸಿಕ್ಕ ಮೇಲೆ ಇರುವುದಿಲ್ಲ, ಇದು ತರ್ಕಕ್ಕೆ ಸರಿಬಾರದು, ಆದರೆ ಎಷ್ಟೋ ಸಲ ನಿಜ. ಡಬ್ಬಿ ಬಂದ ಮೊದಲ ವರ್ಷ ಇದನ್ನು ನಾನೂ ಅನುಭವಿಸಿದೆ. ಭಾನುವಾರಕ್ಕೆ ಕಾಯುತ್ತಿದ್ದ ಹುಡುಗನಿಗೆ ಯಾವಾಗ ಬೇಕಾದರೂ ಸಿಗುವ 26 ಕಂತುಗಳನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಕಪಾಟಿನಲ್ಲಿ ಇಟ್ಟೆ. ಧೂಳು ಹಿಡಿಯಿತು. ಈಗ ಲ್ಯಾಪ್‌ಟಾಪ್‌ಗಳಿಗೆ ಡಿಸ್ಕ್ ಹಾಕುವ ಬಾಯಿಯೇ ಇಲ್ಲ. ಅಮೆರಿಕದಲ್ಲೇ ನಿಂತುಹೋದ ಆ ಹಳೇ ಡ್ರೈವ್ ಒಂದನ್ನು ಮಾತ್ರ ಇದಕ್ಕೋಸ್ಕರ ಉಳಿಸಿಕೊಂಡಿದ್ದೇನೆ. ಇವತ್ತು ತೋರಿಸಿದ ತುಣುಕುಗಳು ಅದರಿಂದಲೇ ಬಂದವು.

ಡಬ್ಬಿ ವಾಪಸ್ ಬಂತಾ? ಥ್ಯಾಂಕ್ಸ್. ಹಾಂ, ಗಮನಿಸಿದಿರಿ. ನಾಲ್ಕನೇ ಡಿಸ್ಕಿನ ಜಾಗ ಖಾಲಿ ಇದೆ. ಬಹಳ ವರ್ಷದ ಹಿಂದೆ ಬಂಧುಗಳೊಬ್ಬರು ಎರಡು ದಿನಕ್ಕೆ ಅಂತ ತಗೊಂಡು ಹೋದರು. ಟ್ರಿಬಲ್ ಇರುವುದು ಅದರಲ್ಲೇ. ಅದಕ್ಕೇ ಇವತ್ತು ಟ್ರಿಬಲ್ ಮಳೆಯನ್ನು ತೋರಿಸದೆ ಬರೀ ಬಾಯಲ್ಲಿ ಹೇಳಿದ್ದು. ಅವರ ಮನೆಗೆ ಹೋದಾಗೆಲ್ಲ ಕೇಳುತ್ತೇನೆ. ಎಲ್ಲೋ ಇಲ್ಲೇ ಇತ್ತಲ್ಲ ಎನ್ನುತ್ತಾ ಅವರು ಕಾಫಿ ತರಲು ಒಳಗೆ ಹೋಗುತ್ತಾರೆ.